ಶಾಲಾ ವಾರ್ಷಿಕೋತ್ಸವ: ಕೊನೆಯ ಸಾಲಿಗೂ ದನಿ, ಕೊನೆಯ ಬಸ್ಸಿಗೂ ಮುನ್ನ ಮಂಗಳ



ವರ್ಷದ ಪಾಠಗಳು ಮುಗಿಯುತ್ತ ಬಂದಾಗ ನಿಮ್ಮ ಶಾಲೆಯ ಅಂಗಳದ ಚಹರೆಯೇ ಬದಲಾಗುತ್ತದೆ. ಕೊನೆಯ ಅವಧಿಯ ಗಂಟೆ ಹೊಡೆದ ಮೇಲೂ ಯಾವುದೋ ಕೋಣೆಯಿಂದ ಗೆಜ್ಜೆಯ ಸದ್ದು ಕೇಳುತ್ತದೆ. ಒಬ್ಬರು ಕೋಲಾಟಕ್ಕೆ ಕೋಲು ಹೊಂದಿಸುತ್ತಾರೆ, ಇನ್ನೊಬ್ಬರು ನಾಟಕದ ಮಾತು ಬಾಯಿಪಾಠ ಮಾಡುತ್ತಾರೆ. ವಾರ್ಷಿಕೋತ್ಸವ, ಬಹುಮಾನ ವಿತರಣೆ, ಹತ್ತನೆಯ ತರಗತಿಯವರಿಗೆ ಬೀಳ್ಕೊಡುಗೆ, ಇವೆಲ್ಲ ಕೆಲವೇ ವಾರಗಳಲ್ಲಿ ಒಂದರ ಹಿಂದೊಂದು ಬರುತ್ತವೆ.

ಈ ಸಂಭ್ರಮದಲ್ಲಿ ನೀವು ನಟರಾಗಿರಬಹುದು, ಹಾಡುಗಾರರಾಗಿರಬಹುದು, ಕುರ್ಚಿ ಜೋಡಿಸುವವರಾಗಿರಬಹುದು. ಯಾರೇ ಆಗಿರಿ, ಆ ಒಂದು ಸಂಜೆ ನೀವು ಪಠ್ಯಪುಸ್ತಕದ ಹಲವು ಅಧ್ಯಾಯಗಳ ನಡುವೆ ನಿಂತಿರುತ್ತೀರಿ. ಧ್ವನಿ, ಬೆಳಕು, ವಿದ್ಯುತ್ತು, ಕಾಲದ ಲೆಕ್ಕ ಎಲ್ಲವೂ ಅಲ್ಲಿವೆ. ಅಲ್ಲಿ ಲೆಕ್ಕ ತಪ್ಪಿದರೆ ಅಂಕ ಮಾತ್ರ ಹೋಗುವುದಿಲ್ಲ. ಹಿಂದಿನ ಸಾಲಿನ ಅಜ್ಜಿಗೆ ಮೊಮ್ಮಗಳ ಮಾತು ಕೇಳಿಸುವುದಿಲ್ಲ, ಹಳ್ಳಿಯ ಹುಡುಗಿಗೆ ಬಸ್ಸು ತಪ್ಪುತ್ತದೆ, ಕೆಲವೊಮ್ಮೆ ಜೀವವೇ ಹೋಗುತ್ತದೆ. ಆದ್ದರಿಂದ ಈ ಹಬ್ಬದ ಒಳಗುಟ್ಟನ್ನು ಸ್ವಲ್ಪ ಬಿಡಿಸಿ ನೋಡೋಣ.

ಈ ಕಾಲವೇ ಏಕೆ?

ನಮ್ಮ ರಾಜ್ಯದ ಶಾಲೆಗಳ ವರ್ಷ ಜೂನ್ ಹೊತ್ತಿಗೆ ತೊಡಗಿ ಏಪ್ರಿಲ್‌ನಲ್ಲಿ ಮುಗಿಯುತ್ತದೆ. ನಡುವೆ ದಸರಾ ರಜೆ ಬಂದು ವರ್ಷವನ್ನು ಎರಡು ಅವಧಿಗಳಾಗಿ ಸೀಳುತ್ತದೆ. ವಾರ್ಷಿಕೋತ್ಸವಗಳು ಹೆಚ್ಚಾಗಿ ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ, ಅಂದರೆ ಪರೀಕ್ಷೆಯ ಬಿಸಿ ಏರುವುದಕ್ಕೆ ಮುನ್ನ ನಡೆಯುತ್ತವೆ.

ಇದಕ್ಕೆ ಪರೀಕ್ಷೆಯೊಂದೇ ಕಾರಣವಲ್ಲ. ತುಮಕೂರು, ಗುಬ್ಬಿ, ಕುಣಿಗಲ್ ಸೀಮೆ ರಾಗಿಯ ಸೀಮೆ. ಮಳೆಗಾಲದ ರಾಗಿ ಕೊಯ್ಲಾಗಿ, ಒಕ್ಕಣೆ ಮುಗಿದು, ಕಾಳು ಮನೆ ಸೇರುವ ಹೊತ್ತಿಗೆ ರೈತನಿಗೆ ಕೊಂಚ ಬಿಡುವು ಸಿಗುತ್ತದೆ. ಮಳೆಯ ಭಯವಿಲ್ಲದ ಬಯಲು ಸಿಗುತ್ತದೆ. ಸಂಕ್ರಾಂತಿಯಿಂದಾಚೆಗೆ ಜಾತ್ರೆಗಳ ಸಾಲು. ಶಿವರಾತ್ರಿಯ ವೇಳೆಗೆ ತುಮಕೂರಿನ ಸಿದ್ಧಗಂಗೆಯಲ್ಲಿ ದನಗಳ ಜಾತ್ರೆಯೂ ವಸ್ತುಪ್ರದರ್ಶನವೂ ಸೇರುತ್ತವೆ. ಈ ಭಾಗದ ಊರುಗಳಲ್ಲಿ ಸೋಮನ ಕುಣಿತಕ್ಕೆ, ಮೂಡಲಪಾಯ ಯಕ್ಷಗಾನಕ್ಕೆ, ಪೌರಾಣಿಕ ನಾಟಕಗಳಿಗೆ ರಂಗ ಕಟ್ಟುವುದೂ ಇದೇ ಬಿಡುವಿನ ಕಾಲದಲ್ಲಿ. ಶಾಲೆಯ ವಾರ್ಷಿಕೋತ್ಸವ ಈ ಹಳೆಯ ಪಂಚಾಂಗದ ಪಕ್ಕದಲ್ಲೇ ಬಂದು ಕುಳಿತಿದೆ. ತಾಯಿ ತಂದೆಯರಿಗೆ ಬರಲು ಬಿಡುವಿದ್ದರೆ ತಾನೇ ಮಕ್ಕಳ ಕುಣಿತಕ್ಕೆ ಬೆಲೆ?

ಗುಬ್ಬಿಯಿಂದ ಕಲಿಯುವ ಪಾಠ

ರಂಗದ ಮಾತು ಬಂದಮೇಲೆ ಗುಬ್ಬಿಯನ್ನು ಬಿಟ್ಟು ಮುಂದೆ ಹೋಗಲಾಗದು. ತುಮಕೂರಿನಿಂದ ಸುಮಾರು 20 ಕಿಲೋಮೀಟರ್ ದೂರದ ಆ ಊರಿನಲ್ಲಿ 1884ರಲ್ಲಿ ಹುಟ್ಟಿದ ಗುಬ್ಬಿ ಶ್ರೀ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘ ಕನ್ನಡ ನಾಡಿನ ಮನೆಮಾತಾಯಿತು. ಬಾಲ್ಯದಲ್ಲಿಯೇ ಅದನ್ನು ಸೇರಿ, ಮುಂದೆ ಅದರ ಒಡೆಯರಾದ ಗುಬ್ಬಿ ವೀರಣ್ಣನವರು ಹಾಸ್ಯಪಾತ್ರಗಳಿಗೆ ಹೆಸರಾದರು. 'ಸದಾರಮೆ'ಯ ಕಳ್ಳನ ಪಾತ್ರವನ್ನು ಹಿರಿಯರು ಇಂದಿಗೂ ನೆನೆಯುತ್ತಾರೆ. 'ಕುರುಕ್ಷೇತ್ರ' ನಾಟಕಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗದ ಮೇಲೆ ತಂದ ಸಾಹಸ ಅವರದು. ಡಾ. ರಾಜ್‌ಕುಮಾರ್, ನರಸಿಂಹರಾಜು, ಬಾಲಕೃಷ್ಣ, ಜಿ.ವಿ. ಅಯ್ಯರ್ ಅವರಂಥವರು ಆ ಕಂಪನಿಯ ನೆರಳಿನಲ್ಲಿ ಬೆಳೆದರು. ಮನೆಬಿಟ್ಟು ಬಂದ ಹುಡುಗ ಬಿ.ವಿ. ಕಾರಂತರೂ ಅಲ್ಲಿಯೇ ರಂಗದ ಓನಾಮ ತಿದ್ದಿದರು. ಮುಂದೆ ಮೈಸೂರಿನಲ್ಲಿ ರಂಗಾಯಣವನ್ನು ಕಟ್ಟಿದರು, ಮಕ್ಕಳಿಗಾಗಿ ನಾಟಕಗಳನ್ನು ಆಡಿಸಿದರು. ತುಮಕೂರು ನಗರದ ಕಲಾಕ್ಷೇತ್ರಕ್ಕೆ ಇಂದು ವೀರಣ್ಣನವರ ಹೆಸರಿದೆ.

ಈಗ ಒಂದು ಪ್ರಶ್ನೆ. ಧ್ವನಿವರ್ಧಕ ಇನ್ನೂ ಬಾರದ ದಿನಗಳಲ್ಲಿ, ನೂರಾರು ಜನ ತುಂಬಿದ ಡೇರೆಯ ಕೊನೆಯ ಸಾಲಿಗೆ ನಟನ ಮಾತು ಹೇಗೆ ಕೇಳುತ್ತಿತ್ತು?

ಉತ್ತರ ಕಂಪನಿ ನಾಟಕಗಳ ಹಾಡುಗಾರಿಕೆಯಲ್ಲಿಯೇ ಇದೆ. ನಟರು ಏರುಶ್ರುತಿಯಲ್ಲಿ ಹಾಡುತ್ತಿದ್ದರು, ಮಾತನ್ನು ಅಕ್ಷರ ಅಕ್ಷರವಾಗಿ ಬಿಡಿಸಿ ಆಡುತ್ತಿದ್ದರು, ಮುಖವನ್ನು ಪ್ರೇಕ್ಷಕರ ಕಡೆಗೇ ಇಟ್ಟುಕೊಳ್ಳುತ್ತಿದ್ದರು. ನಮ್ಮ ಕಿವಿ ಎಲ್ಲ ಕಂಪನಗಳಿಗೂ ಒಂದೇ ರೀತಿ ಸ್ಪಂದಿಸುವುದಿಲ್ಲ. ಸೆಕೆಂಡಿಗೆ ಸುಮಾರು 2000ದಿಂದ 4000 ಕಂಪನಗಳ ನಡುವೆ ಅದು ಹೆಚ್ಚು ಚುರುಕು. ಏರುಶ್ರುತಿಯ, ಪಳಗಿದ ಕಂಠದ ಶಕ್ತಿಯಲ್ಲಿ ಗಮನಾರ್ಹ ಪಾಲು ಈ ವಲಯಕ್ಕೆ ಸೇರುತ್ತದೆ. ಪ್ರಯೋಗಾಲಯವಿಲ್ಲದೆಯೂ ಆ ಕಲಾವಿದರು ಇದನ್ನು ಅನುಭವದಿಂದ ಕಂಡುಕೊಂಡಿದ್ದರು.

ದನಿಯ ಲೆಕ್ಕ

ಒಬ್ಬರು ಸಾಮಾನ್ಯವಾಗಿ ಮಾತನಾಡಿದಾಗ ಒಂದು ಮೀಟರ್ ದೂರದಲ್ಲಿ ದನಿಯ ಮಟ್ಟ ಸುಮಾರು 60 ಡೆಸಿಬಲ್. ಬಯಲಿನಲ್ಲಿ ದೂರ ಎರಡರಷ್ಟಾದರೆ ದನಿಯ ತೀವ್ರತೆ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಅಂದರೆ 6 ಡೆಸಿಬಲ್ ಕಡಿಮೆಯಾಗುತ್ತದೆ. ಒಂದರಿಂದ ಎರಡು, ಎರಡರಿಂದ ನಾಲ್ಕು, ನಾಲ್ಕರಿಂದ ಎಂಟು, ಎಂಟರಿಂದ ಹದಿನಾರು ಮೀಟರ್. ಒಟ್ಟು ನಾಲ್ಕು ಸಲ ದ್ವಿಗುಣ. ಹದಿನಾರು ಮೀಟರ್ ದೂರದ ಕುರ್ಚಿಗೆ ಉಳಿಯುವುದು 36 ಡೆಸಿಬಲ್ ಮಾತ್ರ. ಅಲ್ಲಿ ಕುಳಿತವರ ಪಿಸುಮಾತು, ಕಡಲೆಕಾಯಿ ಸಿಪ್ಪೆಯ ಸದ್ದು ಅದನ್ನು ನುಂಗಿಬಿಡುತ್ತದೆ.

ಹಾಗಾದರೆ ಮೈಕು ಇದ್ದರೆ ಸಾಕೇ? ಮೈಕಿಗೂ ಇದೇ ನಿಯಮ. ಬಾಯಿಯಿಂದ 10 ಸೆಂಟಿಮೀಟರ್ ದೂರದಲ್ಲಿದ್ದ ಮೈಕನ್ನು 40 ಸೆಂಟಿಮೀಟರ್‌ಗೆ ಸರಿಸಿದರೆ ಅದಕ್ಕೆ ತಲುಪುವ ಶಕ್ತಿ ಹದಿನಾರನೆಯ ಒಂದು ಭಾಗ. ಆಗ ಮೈಕಿನವರು ಗುಂಡಿ ತಿರುಗಿಸಿ ದನಿ ಏರಿಸುತ್ತಾರೆ. ಕೂಡಲೇ 'ಕುಂಯ್' ಎಂಬ ಕರ್ಕಶ ಕೂಗು ಏಳುತ್ತದೆ. ಇದು ಯಂತ್ರ ಕೆಟ್ಟ ಲಕ್ಷಣವಲ್ಲ. ಧ್ವನಿವರ್ಧಕದಿಂದ ಹೊರಟ ಸದ್ದು ಮತ್ತೆ ಮೈಕನ್ನು ಸೇರಿ, ಇನ್ನಷ್ಟು ದೊಡ್ಡದಾಗಿ ಹೊರಬಂದು, ಮತ್ತೆ ಮೈಕನ್ನು ಸೇರುವ ಸುತ್ತು ಅದು. ಪರಿಹಾರ ಸರಳ. ಧ್ವನಿವರ್ಧಕಗಳನ್ನು ಮೈಕಿಗಿಂತ ಮುಂದೆ, ಪ್ರೇಕ್ಷಕರ ಕಡೆಗೆ ಮುಖಮಾಡಿ ಇಡಬೇಕು. ಮೈಕನ್ನು ಬಾಯಿಯ ಹತ್ತಿರ ಹಿಡಿಯಬೇಕು. ಅದರ ಜಾಲರಿಯ ತಲೆಯನ್ನು ಅಂಗೈಯಲ್ಲಿ ಮುಚ್ಚಬಾರದು. ಮುಚ್ಚಿದರೆ ಒಂದು ದಿಕ್ಕಿನ ಸದ್ದನ್ನು ಮಾತ್ರ ಹಿಡಿಯುವ ಅದರ ಗುಣ ಕೆಡುತ್ತದೆ.

ಸಾಮೂಹಿಕ ಗಾಯನದಲ್ಲಿ ಇನ್ನೊಂದು ತೊಡಕಿದೆ. ಗಾಳಿಯಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ನೂರು ಮೀಟರ್ ದಾಟಲು ಅದಕ್ಕೆ ಸುಮಾರು 0.3 ಸೆಕೆಂಡು ಬೇಕು. ಸಿದ್ಧಗಂಗೆಯ ಬಯಲಿನಲ್ಲಿ ಸಾವಿರಾರು ವಿದ್ಯಾರ್ಥಿಗಳು ಕೂಡಿ ಮಾಡುವ ಪ್ರಾರ್ಥನೆಯನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಅಂಥ ವಿಸ್ತಾರದಲ್ಲಿ ಮುಂದಿನವರ ದನಿ ಹಿಂದಿನವರಿಗೆ ತುಸು ತಡವಾಗಿಯೇ ಮುಟ್ಟುತ್ತದೆ. ನಿಮ್ಮ ಮೈದಾನದಲ್ಲಿ ಕುಣಿಗಲ್ ಕೆರೆಯ ಮೇಲಿನ ಜನಪದ ಹಾಡಿಗೆ ದೊಡ್ಡ ಗುಂಪಿನ ಕೋಲಾಟ ಹಾಕಿದ್ದೀರಿ ಎನ್ನಿ. ಹಿಂದಿನ ಸಾಲಿನ ಮಕ್ಕಳು ತಾಳ ತಪ್ಪಿದರೆ ಅವರನ್ನು ಗದರುವ ಮೊದಲು ಈ ಲೆಕ್ಕ ಮಾಡಿ. ಬೆಳಕು ತಡಮಾಡುವುದಿಲ್ಲವಾದ್ದರಿಂದ, ತಾಳ ಹಾಕುವವರ ಕೈಯನ್ನು ಕಣ್ಣಿನಿಂದ ನೋಡಿ ಹೆಜ್ಜೆ ಹಾಕುವಂತೆ ಕಲಿಸಿದರೆ ಎಲ್ಲರೂ ಒಂದಾಗುತ್ತಾರೆ.

ಸದ್ದು ಹೆಚ್ಚಾದಷ್ಟೂ ಹಬ್ಬ ಹೆಚ್ಚು ಎಂಬ ತಿಳಿವಳಿಕೆ ಬೇಡ. ವೃತ್ತಿ ಆರೋಗ್ಯದ ತಜ್ಞರು ಬಳಸುವ ಒಂದು ಲೆಕ್ಕದಂತೆ 85 ಡೆಸಿಬಲ್ ಸದ್ದನ್ನು ಎಂಟು ಗಂಟೆ ತಾಳಿಕೊಳ್ಳಬಹುದು. ಅದರ ಮೇಲೆ ಪ್ರತಿ 3 ಡೆಸಿಬಲ್ ಏರಿದಂತೆ ಆ ಅವಧಿ ಅರ್ಧವಾಗುತ್ತ ಹೋಗುತ್ತದೆ. 100 ಡೆಸಿಬಲ್‌ಗೆ ಉಳಿಯುವುದು 15 ನಿಮಿಷ. ವೇದಿಕೆಯ ಮುಂದೆ, ದೊಡ್ಡ ಪೆಟ್ಟಿಗೆಯ ಬಾಯಿಗೇ ಚಿಕ್ಕ ಮಕ್ಕಳನ್ನು ಚಾಪೆ ಹಾಸಿ ಕೂರಿಸುವ ರೂಢಿಯನ್ನು ಈ ದೃಷ್ಟಿಯಿಂದ ಮತ್ತೆ ಯೋಚಿಸಬೇಕು.

ಬಣ್ಣ ಮಾಯವಾಗುವ ಬಗೆ

ನೃತ್ಯಕ್ಕೆಂದು ಕೆಂಪು ಸೀರೆ ಉಟ್ಟು ಬಂದ ಹುಡುಗಿಯರ ಮೇಲೆ ಹಸಿರು ದೀಪ ಬಿಟ್ಟರೆ ಏನಾಗುತ್ತದೆ? ಸೀರೆ ಕಪ್ಪಾಗಿ ಕಾಣುತ್ತದೆ. ಕೆಂಪು ಬಟ್ಟೆ ಕೆಂಪನ್ನು ಮಾತ್ರ ಹಿಂದಿರುಗಿಸಿ ಉಳಿದ ಬಣ್ಣಗಳನ್ನು ಹೀರಿಕೊಳ್ಳುತ್ತದೆ. ಹಸಿರು ದೀಪದಲ್ಲಿ ಕೆಂಪೇ ಇಲ್ಲ; ಹಿಂದಿರುಗಿಸಲು ಏನೂ ಉಳಿಯುವುದಿಲ್ಲ. ಬಿಳಿ ಬಟ್ಟೆ ಬಿದ್ದ ಬಣ್ಣವನ್ನೆಲ್ಲ ಹಿಂದಿರುಗಿಸುವುದರಿಂದ ಕೆಂಪಿನಲ್ಲಿ ಕೆಂಪಾಗಿ, ನೀಲಿಯಲ್ಲಿ ನೀಲಿಯಾಗಿ ಕಾಣುತ್ತದೆ. ದುಬಾರಿ ಬಾಡಿಗೆಯ ಜರಿ ಉಡುಪಿಗಿಂತ, ಮನೆಯಲ್ಲಿರುವ ಬಿಳಿ ಪಂಚೆ, ಬಿಳಿ ಅಂಗಿ ರಂಗದ ಮೇಲೆ ಹೆಚ್ಚು ಮಾತನಾಡಬಲ್ಲವು ಎಂಬುದು ಇದರಿಂದ ಸಿಗುವ ಲಾಭ. ಉಡುಪಿನ ಬಾಡಿಗೆ ಕೊಡಲಾಗದೆ ಹೆಸರು ಹಿಂದೆಗೆದುಕೊಳ್ಳುವ ಗೆಳೆಯರು ನಿಮ್ಮ ತರಗತಿಯಲ್ಲಿ ಇದ್ದೇ ಇರುತ್ತಾರೆ. ಭೌತಶಾಸ್ತ್ರ ಅವರ ಪರವಾಗಿದೆ.

ಇನ್ನೊಂದು ಮಾತು. ದೀಪವನ್ನು ನಟನ ನೆತ್ತಿಯ ಮೇಲೆ ನೇರ ಕಟ್ಟಿದರೆ ಕಣ್ಣು ಗುಳಿಯಲ್ಲಿ ಕತ್ತಲೆ ತುಂಬುತ್ತದೆ. ಮುಂದಿನಿಂದ, ಎರಡೂ ಪಕ್ಕದಿಂದ, ಸುಮಾರು 45 ಡಿಗ್ರಿ ಎತ್ತರದಿಂದ ಬೆಳಕು ಬಿದ್ದರೆ ಮುಖಭಾವ ಕಾಣುತ್ತದೆ. ದೂರದರ್ಶನದ ಸ್ಟುಡಿಯೋಗಳಲ್ಲಿಯೂ ನಾವು ಅನುಸರಿಸುವ ಮೂಲಸೂತ್ರ ಇದೇ.

ತಂತಿ, ಬಟ್ಟೆ ಮತ್ತು ಬಾಗಿಲು

ಈಗ ಹೇಳುವ ವಿಷಯ ಸಂಭ್ರಮದ್ದಲ್ಲ. ಆದರೆ ಇದನ್ನು ಬಿಟ್ಟು ಸಂಭ್ರಮವಿಲ್ಲ.

1981ರ ಫೆಬ್ರವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು ತೊಂಬತ್ತಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಹೆಚ್ಚಿನವರು ಮಕ್ಕಳು. 1989ರ ಫೆಬ್ರವರಿ 8ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಟಿಪ್ಪು ಸುಲ್ತಾನನನ್ನು ಕುರಿತ ಧಾರಾವಾಹಿಯ ಚಿತ್ರೀಕರಣದ ವೇಳೆ ಎದ್ದ ಬೆಂಕಿ ಅರುವತ್ತಕ್ಕೂ ಹೆಚ್ಚು ಜನರನ್ನು ಬಲಿತೆಗೆದುಕೊಂಡಿತು. 1995ರ ಡಿಸೆಂಬರ್ 23ರಂದು ಹರಿಯಾಣದ ಡಬ್ವಾಲಿಯಲ್ಲಿ ನಡೆಯುತ್ತಿದ್ದುದು ಒಂದು ಶಾಲೆಯ ವಾರ್ಷಿಕ ಬಹುಮಾನ ವಿತರಣಾ ಸಮಾರಂಭ. ಚಾವಣಿಯಾಗಿ ಕಟ್ಟಿದ್ದ ಕೃತಕ ನೂಲಿನ ಬಟ್ಟೆಗೆ ಬೆಂಕಿ ಹತ್ತಿತು. ನಿಮಿಷಗಳಲ್ಲಿ ನಾನೂರಕ್ಕೂ ಹೆಚ್ಚು ಜನ, ಮಕ್ಕಳೂ ತಾಯಂದಿರೂ, ಪ್ರಾಣ ಕಳೆದುಕೊಂಡರು. ಹೊರಹೋಗಲು ಸಾಕಷ್ಟು ದಾರಿ ಇರಲಿಲ್ಲ.

ಇಂಥ ದುರಂತಗಳಿಗೆ ಬೇಕಾದುದು ಮೂರೇ ವಸ್ತು: ಬಿಸಿಯಾದ ತಂತಿ, ಬೇಗ ಹತ್ತುವ ಬಟ್ಟೆ, ಕಿರಿದಾದ ಬಾಗಿಲು. ಒಂದೊಂದಾಗಿ ನೋಡೋಣ.

ತಂತಿಯಲ್ಲಿ ಹುಟ್ಟುವ ಶಾಖ ವಿದ್ಯುತ್ ಪ್ರವಾಹದ ವರ್ಗಕ್ಕೆ ಅನುಗುಣ. ಪ್ರವಾಹ ಎರಡರಷ್ಟಾದರೆ ಶಾಖ ನಾಲ್ಕರಷ್ಟು. ತರಗತಿಯ ಗೋಡೆಯಲ್ಲಿರುವ 6 ಆಂಪಿಯರ್ ಸಾಕೆಟ್ಟಿನಿಂದ 230 ವೋಲ್ಟಿಗೆ ತೆಗೆಯಬಹುದಾದುದು ಹೆಚ್ಚೆಂದರೆ 1380 ವ್ಯಾಟ್. ಸಾವಿರ ವ್ಯಾಟಿನ ಎರಡು ಹಳೆಯ ಹ್ಯಾಲೊಜನ್ ದೀಪಗಳನ್ನು ಅದಕ್ಕೆ ಸಿಕ್ಕಿಸಿದರೆ ಹರಿಯುವುದು ಸುಮಾರು 8.7 ಆಂಪಿಯರ್. ತಂತಿ ಸುತ್ತಿದ ಸುರುಳಿಯಲ್ಲೇ ಇದ್ದರೆ ಶಾಖಕ್ಕೆ ಹೊರದಾರಿಯೂ ಇಲ್ಲ. ಬೆರಳಿನ ಸುತ್ತ ತಿರುಚಿ ಟೇಪು ಹಚ್ಚಿದ ಜೋಡಣೆ ಎಲ್ಲಕ್ಕಿಂತ ಮೊದಲು ಕೆಂಡವಾಗುತ್ತದೆ. ಈಗ ಎಲ್‌ಇಡಿ ದೀಪಗಳು ಬಂದಿರುವುದು ಅನುಕೂಲ. 200 ವ್ಯಾಟಿನ ಎಲ್‌ಇಡಿ ದೀಪ ಒಂದು ಆಂಪಿಯರ್‌ಗಿಂತ ಕಡಿಮೆ ಎಳೆಯುತ್ತದೆ. ಆದರೆ ಹತ್ತು ದೀಪ, ಎರಡು ಧ್ವನಿವರ್ಧಕ, ಐಸ್‌ಕ್ರೀಮ್ ಪೆಟ್ಟಿಗೆ ಎಲ್ಲವನ್ನೂ ಒಂದೇ ಸಾಕೆಟ್ಟಿಗೆ ನೇತುಹಾಕಿದರೆ ಲೆಕ್ಕ ಮತ್ತೆ ಅಲ್ಲಿಗೇ ಬರುತ್ತದೆ.

ನೈಲಾನ್, ಪಾಲಿಯೆಸ್ಟರ್ ಬಟ್ಟೆ ಉರಿಯುವಾಗ ಕರಗಿ ಮೈಗೆ ಅಂಟಿಕೊಳ್ಳುತ್ತದೆ. ಚಾವಣಿಯಾದರೆ ಹನಿಹನಿಯಾಗಿ ಕೆಳಗಿಳಿಯುತ್ತದೆ. ಆದ್ದರಿಂದ ದೀಪಕ್ಕೂ ಪರದೆಗೂ ನಡುವೆ ಕೈಚಾಚುವಷ್ಟು ಅಂತರವಿರಲಿ. ನಾಟಕದಲ್ಲಿ ನಿಜವಾದ ಪಂಜು, ಪಟಾಕಿ ಬೇಡ. ಯಾರದಾದರೂ ಉಡುಪಿಗೆ ಕಿಡಿ ತಾಗಿದರೆ ಓಡಬಾರದು. ಓಡಿದರೆ ಗಾಳಿ ಸಿಕ್ಕಿ ಜ್ವಾಲೆ ಏಳುತ್ತದೆ. ನೆಲಕ್ಕೆ ಬಿದ್ದು ಹೊರಳಬೇಕು, ದಪ್ಪನೆಯ ಹತ್ತಿಯ ಕಂಬಳಿ ಹೊದಿಸಬೇಕು. ವಿದ್ಯುತ್ತಿನ ಬೆಂಕಿಗೆ ನೀರು ಹಾಕದೆ ಮೊದಲು ಮುಖ್ಯ ಗುಂಡಿ ಆರಿಸಬೇಕು. ಆ ಗುಂಡಿ ಎಲ್ಲಿದೆ ಎಂಬುದು ಕನಿಷ್ಠ ನಾಲ್ವರು ವಿದ್ಯಾರ್ಥಿಗಳಿಗೆ ಗೊತ್ತಿರಲಿ.

ಬಾಗಿಲ ವಿಚಾರ. ಒಳಬರುವ ಅಲಂಕಾರದ ಕಮಾನು ಒಂದು, ಅದಕ್ಕೆ ಎದುರು ದಿಕ್ಕಿನಲ್ಲಿ ಇನ್ನೊಂದು ದಾರಿ, ಹೀಗೆ ಎರಡಾದರೂ ತೆರೆದಿರಬೇಕು. ಕುರ್ಚಿಗಳ ನಡುವೆ ಓಣಿ ಬಿಡಬೇಕು. ಆ ಓಣಿಯಲ್ಲಿ ಬೈಕು ನಿಲ್ಲಿಸಲು ಬಿಡಬಾರದು.

ಬೆಂಚು ಜೋಡಿಸಿ ಹಲಗೆ ಹಾಸಿದ ವೇದಿಕೆಯನ್ನೂ ಪರೀಕ್ಷಿಸಿ. ನಲವತ್ತು ಕಿಲೋ ತೂಕದ ಇಪ್ಪತ್ತು ಮಕ್ಕಳು ನಿಂತರೆ 800 ಕಿಲೋ. ಅವರೆಲ್ಲ ಒಂದೇ ತಾಳಕ್ಕೆ ನೆಗೆದರೆ ನೆಲ ಮುಟ್ಟುವ ಕ್ಷಣದಲ್ಲಿ ಬೀಳುವ ಬಲ ಅದರ ಹಲವು ಪಟ್ಟು. ಸೋಮನ ಕುಣಿತ, ವೀರಗಾಸೆಗಳು ನೆಲದ ಮೇಲಿನ ಕುಣಿತಗಳು. ಅವನ್ನು ವೇದಿಕೆಯ ಮುಂದಿನ ಅಂಗಳದಲ್ಲಿಯೇ ಆಡಿಸಿದರೆ ಅಪಾಯವೂ ಇಲ್ಲ, ಜನರಿಗೂ ಹತ್ತಿರ.

ಗಡಿಯಾರದ ಮುಂದೆ

ದೂರದರ್ಶನದ ನಿರ್ಮಾಪಕನಿಗೆ ಕ್ಯಾಮೆರಾಕ್ಕಿಂತ ಹತ್ತಿರದ ಗೆಳೆಯ ಗಡಿಯಾರ. ನಿಮ್ಮ ವಾರ್ಷಿಕೋತ್ಸವಕ್ಕೂ ಈ ಲೆಕ್ಕ ಮಾಡಿ ನೋಡಿ. ಇಪ್ಪತ್ತು ಕಾರ್ಯಕ್ರಮಗಳು, ಒಂದೊಂದಕ್ಕೆ ನಾಲ್ಕು ನಿಮಿಷ: 80 ನಿಮಿಷ. ನಡುವಿನ 19 ಬಿಡುವುಗಳು, ತಲಾ ಮೂರು ನಿಮಿಷ: 57. ಸ್ವಾಗತ, ವರದಿ, ಉದ್ಘಾಟನೆ, ಅತಿಥಿಗಳ ಮಾತು, ಅಧ್ಯಕ್ಷರ ಮಾತು, ತಲಾ ಹತ್ತು ನಿಮಿಷ: 50. ಅರುವತ್ತು ಬಹುಮಾನ, ತಲಾ ಅರ್ಧ ನಿಮಿಷ: 30. ಒಟ್ಟು 217 ನಿಮಿಷ, ಅಂದರೆ ಮೂರು ಗಂಟೆ 37 ನಿಮಿಷ. ಸಂಜೆ ಐದೂವರೆಗೆ ತೊಡಗಿದರೆ ಮುಗಿಯುವುದು ರಾತ್ರಿ 9 ಗಂಟೆ 7 ನಿಮಿಷಕ್ಕೆ. ಮುಖ್ಯ ಅತಿಥಿಗಳು ಒಂದು ಗಂಟೆ ತಡವಾಗಿ ಬಂದರೆ ಹತ್ತು ದಾಟುತ್ತದೆ.

ಹತ್ತು ದಾಟಿದರೆ ಏನು? 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳಂತೆ ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಪಕ್ಕದ ಬೀದಿಯಲ್ಲಿ ಹಸುಗೂಸುಗಳೂ ಕಾಯಿಲೆಯವರೂ ಪರೀಕ್ಷೆಗೆ ಓದುವವರೂ ಇರುತ್ತಾರೆ. ಅದಕ್ಕಿಂತ ಮುಖ್ಯವಾದುದು ಇನ್ನೊಂದಿದೆ. ಗುಬ್ಬಿಗೋ ಕುಣಿಗಲ್ಲಿಗೋ ಸುತ್ತಲ ಹಳ್ಳಿಗಳಿಂದ ಬಸ್ಸಿನಲ್ಲಿ ಬಂದು ಓದುವ ವಿದ್ಯಾರ್ಥಿಗಳು ಎಷ್ಟು ಮಂದಿ! ಅವರ ಊರಿಗೆ ಕೊನೆಯ ಬಸ್ಸು ಹೊರಡುವ ಹೊತ್ತೇ ಅವರ ಪಾಲಿನ ವಾರ್ಷಿಕೋತ್ಸವದ ಮುಕ್ತಾಯ. ರಾತ್ರಿಯಾಗುತ್ತದೆ ಎಂಬ ಒಂದೇ ಕಾರಣಕ್ಕೆ ಮನೆಯಲ್ಲಿ ಒಪ್ಪದೆ, ಎಷ್ಟೋ ಹೆಣ್ಣುಮಕ್ಕಳು ಹೆಸರನ್ನೇ ಕೊಡುವುದಿಲ್ಲ. ಹಾಡಲು ಬಾರದೆ ಅಲ್ಲ, ಗಡಿಯಾರ ಒಪ್ಪದೆ ಅವರು ವೇದಿಕೆಯಿಂದ ದೂರ ಉಳಿಯುತ್ತಾರೆ. ಕಾರ್ಯಕ್ರಮ ಪಟ್ಟಿ ಬರೆಯುವವರು ಯಾರು ಹಾಡಬೇಕು ಎಂಬುದನ್ನೂ ತಮಗರಿವಿಲ್ಲದೆ ತೀರ್ಮಾನಿಸಿಬಿಟ್ಟಿರುತ್ತಾರೆ.

ಇದಕ್ಕೂ ಪರಿಹಾರವಿದೆ. ಬಹುಮಾನಗಳನ್ನು ಬೆಳಗಿನ ಪ್ರಾರ್ಥನಾ ಸಭೆಯಲ್ಲಿ ಕೊಡಿ: 30 ನಿಮಿಷ ಉಳಿಯಿತು. ಭಾಷಣಗಳಿಗೆ ತಲಾ ಐದು ನಿಮಿಷ ಎಂದು ಅತಿಥಿಗಳಿಗೆ ಮೊದಲೇ ವಿನಯದಿಂದ ತಿಳಿಸಿ: 25 ಉಳಿಯಿತು. ಕಂಪನಿ ನಾಟಕದವರು ಒಂದು ಪರದೆ ಇಳಿಬಿಟ್ಟು ಅದರ ಮುಂದೆ ಹಾಸ್ಯ ಆಡಿಸಿ, ಹಿಂದೆ ಮುಂದಿನ ದೃಶ್ಯವನ್ನು ಸಿದ್ಧಪಡಿಸುತ್ತಿದ್ದರು. ನೀವೂ ಪರದೆಯ ಮುಂದೆ ಒಂದು ಒಗಟು, ಒಂದು ಏಕಪಾತ್ರಾಭಿನಯ ಇಟ್ಟರೆ ಬಿಡುವು ಒಂದೇ ನಿಮಿಷಕ್ಕೆ ಇಳಿಯುತ್ತದೆ: 38 ಉಳಿಯಿತು. ಈಗ ಒಟ್ಟು 124 ನಿಮಿಷ. ನಾಲ್ಕೂವರೆಗೆ ದೀಪ ಹಚ್ಚಿದರೆ ಆರೂವರೆಯ ಸುಮಾರಿಗೆ ಮಂಗಳ ಹಾಡಬಹುದು. ಒಂದು ಕಾರ್ಯಕ್ರಮವನ್ನೂ ಕೈಬಿಟ್ಟಿಲ್ಲ ಎಂಬುದನ್ನು ಗಮನಿಸಿ.

ಪರದೆಯ ಹಿಂದಿನವರು

ವೇದಿಕೆಯ ಮೇಲೆ ಹತ್ತು ಮಂದಿ ಕಂಡರೆ ಹಿಂದೆ ಇಪ್ಪತ್ತು ಮಂದಿಯ ಕೆಲಸವಿರುತ್ತದೆ. ಪರದೆ ಎಳೆಯುವವರು, ಗೆಜ್ಜೆ ಕಟ್ಟುವವರು, ಮುಂದಿನ ತಂಡವನ್ನು ಸಿದ್ಧವಾಗಿ ನಿಲ್ಲಿಸುವವರು, ಹಾಡು ನುಡಿಸುವವರು. ಇತ್ತೀಚೆಗೆ ಹಾಡು ಬರುವುದು ಮೊಬೈಲಿನಿಂದ. ನೃತ್ಯದ ನಡುವೆ ಕರೆ ಬಂದು ಹಾಡು ನಿಲ್ಲದಂತೆ ಅದನ್ನು ಮೊದಲೇ ವಿಮಾನ ಸ್ಥಿತಿಗೆ ಹಾಕುವುದು ಚಿಕ್ಕ ಕೆಲಸವಲ್ಲ. ದೂರದರ್ಶನದಲ್ಲಿ ಕಾರ್ಯಕ್ರಮದ ಕೊನೆಗೆ ಇಂಥವರೆಲ್ಲರ ಹೆಸರು ತೆರೆಯ ಮೇಲೆ ಬರುತ್ತದೆ. ನಿಮ್ಮ ಶಾಲೆಯ ವಂದನಾರ್ಪಣೆಯಲ್ಲಿ ಗಣ್ಯರ ಹೆಸರಿನ ಜೊತೆಗೆ ಈ ಹೆಸರುಗಳೂ ಬರಲಿ. ತಂಡಕ್ಕೆ ಆಯ್ಕೆಯಾಗದ ಗೆಳೆಯನಿಗೆ ದೀಪದ ಜವಾಬ್ದಾರಿ ಕೊಟ್ಟು ನೋಡಿ. ಬೆಳಕನ್ನು ಆಡಿಸುವವನೂ ಕಲಾವಿದನೇ.

ನೀವೇ ಮಾಡಿ ನೋಡಿ

1. ವೇದಿಕೆಯಿಂದ 2, 4, 8, 16 ಮೀಟರ್ ದೂರದಲ್ಲಿ ಗೆಳೆಯರನ್ನು ನಿಲ್ಲಿಸಿ. ಮೈಕಿಲ್ಲದೆ ಹತ್ತು ಅಪರಿಚಿತ ಪದಗಳನ್ನು ಓದಿ. ಯಾರು ಎಷ್ಟು ಸರಿಯಾಗಿ ಬರೆದುಕೊಂಡರು? ಸಭಾಂಗಣದಲ್ಲಿಯೂ ಬಯಲಿನಲ್ಲಿಯೂ ಮಾಡಿ ಹೋಲಿಸಿ.

2. ಕೆಂಪು, ಹಸಿರು, ನೀಲಿ ಬಣ್ಣದ ಪಾರದರ್ಶಕ ಕಾಗದವನ್ನು ಬ್ಯಾಟರಿ ದೀಪದ ಮುಂದೆ ಹಿಡಿದು, ಕತ್ತಲೆಯ ಕೋಣೆಯಲ್ಲಿ ನಿಮ್ಮ ಉಡುಪುಗಳ ಬಣ್ಣ ಹೇಗೆ ಬದಲಾಗುತ್ತದೆ ಎಂದು ಪಟ್ಟಿ ಮಾಡಿ.

3. ಸಮಾರಂಭಕ್ಕೆ ಬಳಸುವ ಎಲ್ಲ ಉಪಕರಣಗಳ ವ್ಯಾಟ್ ಸಂಖ್ಯೆ ಕೂಡಿಸಿ, 230ರಿಂದ ಭಾಗಿಸಿ, ಎಷ್ಟು ಆಂಪಿಯರ್ ಎಂದು ಲೆಕ್ಕ ಹಾಕಿ. ತಂತಿಯನ್ನು ನೀವು ಮುಟ್ಟಬೇಡಿ; ಲೆಕ್ಕವನ್ನು ನಿಮ್ಮ ವಿಜ್ಞಾನ ಅಧ್ಯಾಪಕರಿಗೂ ವಿದ್ಯುತ್ ಕೆಲಸದವರಿಗೂ ತೋರಿಸಿ.

4. ನಿಮ್ಮ ತರಗತಿಯ ಪ್ರತಿಯೊಬ್ಬರ ಊರಿಗೆ ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿ ಬರೆಯಿರಿ. ಆ ಪಟ್ಟಿಯಲ್ಲಿ ಎಲ್ಲಕ್ಕಿಂತ ಬೇಗನೆಯ ಬಸ್ಸನ್ನು ಗುರುತಿಸಿ, ಅದಕ್ಕಿಂತ ಅರ್ಧ ಗಂಟೆ ಮೊದಲು ಮುಗಿಯುವಂತೆ ಕಾರ್ಯಕ್ರಮ ಪಟ್ಟಿ ತಯಾರಿಸಿ, ಮುಖ್ಯೋಪಾಧ್ಯಾಯರಿಗೆ ಕೊಡಿ.

ನಾಲ್ಕನೆಯದನ್ನು ಮೊದಲು ಮಾಡಿ.